ಕಾಲಿಗೆ 30, ಮೈಗೆ 10

ಕಬ್ಬಿನ ಹಂಗಾಮು ಶುರುವಾಯಿತು, ಆ ಫೋಟೋನೂ ಬಂತು. ನೀವು ನೋಡೇ ಇರ್ತೀರಿ. ಸಾಹೇಬರು ನಗುತ್ತಾ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುತ್ತಾರೆ, ಸುತ್ತಲಿನವರೆಲ್ಲ ಕ್ಯಾಮೆರಾ ಕಡೆ ನೋಡುತ್ತಾರೆ. ನಾಲ್ಕು ದಿನಕ್ಕೆ ಪಟ್ಟಿ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಜೋತು ಬೀಳುತ್ತದೆ. ಮುಧೋಳ, ಜಮಖಂಡಿ ಕಡೆ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರ್ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಸ್ಪೀಕರ್‌ಗೆ ಸುರಿದ ದುಡ್ಡಲ್ಲಿ ಹಿಂದೊಂದು ದೀಪ ಹಾಕಿಸಬಹುದಿತ್ತು, ಆದರೆ ದೀಪ ಕುಣಿಸೋದಿಲ್ವಲ್ಲ! ಕೆಟ್ಟು ನಿಂತರೆ ಹಾಡೂ ಬಂದ್. ಹಿಂದೆ ನಾಲ್ಕು ಕಲ್ಲು ಇಡುತ್ತಾರೆ, ಟ್ರ್ಯಾಕ್ಟರ್ ರಿಪೇರಿಯಾಗಿ ಕಾರ್ಖಾನೆ ಮುಟ್ಟಿದರೂ ಕಲ್ಲು ಮಾತ್ರ ರಸ್ತೆ ನಡುವೆಯೇ ಇರುತ್ತವೆ, ಮುಂದಿನ ಬೈಕಿನವನಿಗೆ.

ಸರಿ, ಎಲುಬು ಮುರಿಯಿತು ಅನ್ನಿ. ಇಲ್ಲಿಂದ ಕಾನೂನಿನ ಕರುಣೆ ಶುರು. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯೇ ಆಗದಿದ್ದರೆ 50,000 ರೂಪಾಯಿ ಪರಿಹಾರ. ನಗಬೇಡಿ, 2022ರ ಏಪ್ರಿಲ್‌ಗೆ ಮುಂಚೆ ಇದು 12,500 ಇತ್ತು. ಆದರೆ ಗಾಯ ಗಂಭೀರ ಇರಬೇಕು, ಆ ಪಟ್ಟಿಯಲ್ಲಿ ಎಲುಬು ಮುರಿದದ್ದೂ ಬರುತ್ತದೆ, ಹಲ್ಲು ಮುರಿದದ್ದೂ ಬರುತ್ತದೆ. ಹಾಗಾಗಿ ಮುಂದಿನ ಹಲ್ಲು ಹೋದವನಿಗೂ 50,000, ತೊಡೆ ಮೂರು ತುಂಡಾದವನಿಗೂ 50,000. ಸಂವಿಧಾನದ ಸಮಾನತೆ ಎಲ್ಲಿದೆ ಅಂತ ಕೇಳೋರು ಇಲ್ಲಿ ಬಂದು ನೋಡಲಿ.

ಗಾಡಿ ಸಿಕ್ಕಿದರೆ ಕ್ಲೇಮು ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕು ಅಂತ 2022ರಿಂದ ನಿಯಮ, ಅದರ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅವಸರವೆಲ್ಲ ಮುರಿದುಕೊಂಡವನಿಗೆ. ಎದುರಿನವರು ವರ್ಷಗಟ್ಟಲೆ ವಾಯಿದೆ ತೆಗೆದುಕೊಂಡರೆ ನಡೆಯುತ್ತದೆ.

ಕೋರ್ಟಿನ ಕಟ್ಟೆ ಮೇಲೆ ಸುಮ್ನೆ ಕೂತು ಕೇಳಿ. ಕಾಲು ಹ್ಯಾಂಗೈತಿ ಅಂತ ಯಾರೂ ಕೇಳಲ್ಲ. "ಡಾಕ್ಟ್ರು ಎಷ್ಟ್ ಪರ್ಸೆಂಟ್ ಹೇಳ್ಯಾರ್ರೀ?" ಡಾಕ್ಟರು ಕಾಲಿಗೆ 30 ಪರ್ಸೆಂಟ್ ಊನ ಅಂದರೆ ಇಡೀ ಮೈಗೆ ಅದರ ಮೂರನೇ ಒಂದು ಪಾಲು, ಅಂದರೆ 10 ಅಂತ ಹಿಡಿಯುವುದು ರೂಢಿ. ಮೈಯನ್ನು ಹೊಲದ ಹಾಗೆ ಯಾರು ವಾಟ್ನಿ ಮಾಡಿದರೋ! ಒಂದು ಕಾಲು ಮೂರನೇ ಒಂದು ಪಾಲಾದರೆ ಎರಡು ಕೈ, ಎರಡು ಕಾಲಿಗೇ ಮೈ ಮುಗಿದು ಮೇಲೊಂದು ಪಾಲು ಸಾಲ ಉಳಿಯುತ್ತದೆ. ತಲೆ ಲೆಕ್ಕಕ್ಕೇ ಇಲ್ಲ. ಇರಲಿ, ಈ ಪದ್ಧತಿಗೆ ತಲೆ ಬೇಕಾಗಿಯೂ ಇಲ್ಲ.

ಆಮೇಲೆ ವಯಸ್ಸು. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸರಳಾ ವರ್ಮಾ ತೀರ್ಪಿನ ಕೋಷ್ಟಕ ನೋಡಿ, 35 ವರ್ಷದವನಿಗೆ ವರ್ಷದ ದುಡಿಮೆಯ ನಷ್ಟವನ್ನು 16ರಿಂದ ಗುಣಿಸಬೇಕು, 36ರವನಿಗೆ 15ರಿಂದ. ತಿಂಗಳಿಗೆ 12,000 ದುಡಿಯುತ್ತಾನೆ ಅಂತ ಹಿಡಿದರೆ 10 ಪರ್ಸೆಂಟಿಗೆ 2,30,400 ಬರೋದು 2,16,000ಕ್ಕೆ ಇಳಿಯುತ್ತದೆ. ಇಲ್ಲೊಂದು ತಮಾಷೆ ಇದೆ. ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಅವ್ವನಿಗೆ ಗೊತ್ತಿದ್ದದ್ದು ಬರಗಾಲದ ವರ್ಷ, ಇಲ್ಲಾ ಜಾತ್ರೆ ಮರುದಿನ. ಮಾಸ್ತರರು ಜೂನ್ 1 ಬರೆದು ಮುಂದಿನ ಹುಡುಗನನ್ನು ಕರೆದರು. 36 ತುಂಬುವ ವರ್ಷ ಮೇ 31ಕ್ಕೆ ಬಿದ್ದವನಿಗೂ ಜೂನ್ 2ಕ್ಕೆ ಬಿದ್ದವನಿಗೂ 14,400 ರೂಪಾಯಿ ಫರಕು ಮಾಡಿಟ್ಟ ಆ ಮಾಸ್ತರರಿಗೆ ಯಾವ ಇನ್ಶೂರೆನ್ಸ್ ಕಂಪನಿಯೂ ಇವತ್ತಿನವರೆಗೆ ಒಂದು ಶಾಲು ಹೊದಿಸಿಲ್ಲ, ನೋಡಿ.

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಿದ್ದರೆ ಕಥೆಯೇ ಬೇರೆ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು, ಅದು ಡ್ರೈವರ್‌ದು, ನಿಮ್ಮನ್ನು ಹತ್ತಿ ಅಂದವರು ಯಾರು ಅಂತ ಕಂಪನಿ ಕೇಳುತ್ತದೆ. ಕಬ್ಬು ಕಡಿಯುವವರಿಗೆ ಬೇರೆ ಯಾವ ಗಾಡಿ ಕಳಿಸಿದ್ದರು ಅಂತ ಮಾತ್ರ ಯಾರೂ ಕೇಳೋದಿಲ್ಲ.

ನಗು ಸಾಕು. ಗೌಂಡಿ ಒಬ್ಬನ ಕಾಲಿಗೆ 30 ಪರ್ಸೆಂಟ್ ಊನ ಅಂದರೆ ಅವನು 70 ಪರ್ಸೆಂಟ್ ಗೋಡೆ ಕಟ್ಟುತ್ತಾನಾ? ಸಾರವೆ ಮುಕ್ಕಾಲು ಹತ್ತಿ ನಿಲ್ಲುತ್ತಾನಾ? ಅವನ ಕೆಲಸ ಹೋಯಿತು, ಪೂರ್ತಿ ಹೋಯಿತು. ಇದನ್ನು ನಾನು ಹೊಸದಾಗಿ ಹೇಳ್ತಿಲ್ಲ. 2010ರಲ್ಲೇ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಊನದ ಪರ್ಸೆಂಟನ್ನೇ ದುಡಿಮೆಯ ನಷ್ಟ ಅಂತ ಕಣ್ಣುಮುಚ್ಚಿ ಹಿಡಿಯಬೇಡಿ, ಅವನು ಏನು ಕೆಲಸ ಮಾಡುತ್ತಿದ್ದ ಅಂತ ನೋಡಿ. ಕೈ ಹೋದ ಡ್ರೈವರ್, ಬಡಗಿ ಬೇರೆ, ಗುಮಾಸ್ತ ಬೇರೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ವಾದ ಮತ್ತೆ ಮೂರನೇ ಒಂದು ಪಾಲಿನಿಂದಲೇ ಶುರುವಾಗುತ್ತದೆ. ಗೌಂಡಿ ಹತ್ತಿರ ಸಂಬಳದ ಚೀಟಿ ಕೇಳುತ್ತಾರೆ. ದಿನಗೂಲಿಯವನಿಗೆ ಚೀಟಿ ಯಾರು ಕೊಡಬೇಕು? ನಾಚಿಕೆ ಆಗಬೇಕು. ಹೆಚ್ಚು ಬಂತು ಅನಿಸಿದರೆ ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹಾಕುತ್ತದೆ, ಬಾಗಲಕೋಟೆಯವನು ಕುಂಟುತ್ತಾ ಧಾರವಾಡ ಪೀಠಕ್ಕೆ, ವಿಜಯಪುರದವನು ಕಲಬುರಗಿ ಪೀಠಕ್ಕೆ.

ಇನ್ನು ಮುರಿದ ಎಲುಬಿಗೆ ಕೂರಿಸಿದ, ಒಳಗಿರುವ ರಾಡ್. ಅದನ್ನು ತೆಗೆಸುವ ಖರ್ಚು 'ಮುಂದಿನ ವೈದ್ಯಕೀಯ ವೆಚ್ಚ', ಅದಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಕಟ್ಟೆ ಮೇಲೆ ಒಬ್ಬರನ್ನು ಕೇಳಿದೆ, ರಾಡ್ ತಗಸಿದ್ರೇನ್ರಿ ಅಂತ. "ಏ, ಕೇಸ್ ಮುಗಿಯೂತನಾ ಹ್ಯಾಂಗ ತಗಸೂದ್ರಿ? ವಕೀಲ್ರು ಅದನ್ನ ತೋರಸ್ಬೇಕಲ್ಲ" ಅಂದರು.