‘ಟೊರೆಂಟ್‌ನಲ್ಲಿ ಯಾರಿಗೂ ಗೊತ್ತಾಗಲ್ಲ’ ಎಂಬುದು ಸುಳ್ಳು

ದಾವಣಗೆರೆಯ ಹಾಸ್ಟೆಲ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ನ್ಯಾಪ್‌ಸ್ಟರ್, ಲೈಮ್‌ವೈರ್, ಟೊರೆಂಟ್ ಎಲ್ಲಾ ಒಂದೇ. ಟೊರೆಂಟ್‌ಗೆ ಸರ್ವರ್ ಇಲ್ಲ, ಹಾಗಾಗಿ ಹಾಡು, ಸಿನಿಮಾ ಇಳಿಸಿಕೊಂಡವರು ಯಾರಂತ ಗೊತ್ತಾಗಲ್ಲ.’ ಈ ಮೂರೂ ಜನ ತಮ್ಮ ಕಂಪ್ಯೂಟರಿನ ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ದಾರಿಗಳು ನಿಜ, ಆದರೆ ‘ಎಲ್ಲಾ ಒಂದೇ’, ‘ಗೊತ್ತಾಗಲ್ಲ’ ಎಂಬ ಎರಡೂ ಮಾತು ತಪ್ಪು.

1999ರ ನ್ಯಾಪ್‌ಸ್ಟರ್‌ನಲ್ಲಿ ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಕಂಪನಿಯ ಸರ್ವರ್‌ನಲ್ಲಿ, ಅಂದರೆ ಕೇಂದ್ರ ಕಂಪ್ಯೂಟರಿನಲ್ಲಿತ್ತು. ಹುಡುಕುವುದು ಸಲೀಸು, ಆದರೆ ಕೋರ್ಟ್ ಮೆಟ್ಟಿಲೇರಿದ ಮೇಲೆ 2001ರಲ್ಲಿ ಸರ್ವರ್ ನಿಂತಿತು, ಹಂಚಿಕೆಯೂ ನಿಂತಿತು. ಲೈಮ್‌ವೈರ್‌ಗೆ ಅಂಥ ಪಟ್ಟಿ ಇರಲಿಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕೇಳುತ್ತಾ ಹೋಗುತ್ತಿತ್ತು. ಹಾಡಿನ ಹೆಸರು ಹೊತ್ತ ವೈರಸ್‌ಗಳೂ ಅಲ್ಲಿ ಧಾರಾಳ. 2010ರಲ್ಲಿ ಅದಕ್ಕೂ ಅಮೆರಿಕದ ಕೋರ್ಟ್ ತಡೆ ಹಾಕಿತು.

ಟೊರೆಂಟ್, ಅಂದರೆ ಬಿಟ್‌ಟೊರೆಂಟ್, ಬೇರೆಯೇ ಜಾತಿ. ಅದು ಫೈಲನ್ನು ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಇಳಿಸಿಕೊಳ್ಳುತ್ತಿರುವವರೇ ತಮ್ಮ ಬಳಿಯ ತುಂಡುಗಳನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ಕೊಡಬೇಕಾದರೆ ವಿಳಾಸ ಬೇಕಲ್ಲ? ಹಾಗಾಗಿ ನಿಮ್ಮ ಸಂಪರ್ಕದ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಆ ಫೈಲು ಹಂಚಿಕೊಳ್ಳುತ್ತಿರುವ ಗುಂಪಿಗೆ ಸೇರಿದ ಯಾರಿಗಾದರೂ ಕಾಣುತ್ತದೆ, ಹಕ್ಕುದಾರರ ಪರವಾಗಿ ಕಾದು ಕುಳಿತವರಿಗೂ. ‘ನಾನು ಇಳಿಸಿಕೊಂಡೆ ಅಷ್ಟೇ’ ಎನ್ನುವಂತೆಯೂ ಇಲ್ಲ, ಏಕೆಂದರೆ ಇಳಿಸುವಾಗಲೇ ನೀವು ಹಂಚುತ್ತಿರುತ್ತೀರಿ. ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 63ನೇ ಕಲಮಿನಲ್ಲಿ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಓದುವ ಮಕ್ಕಳಿಗೆ ಇಂಥ ಸುಳ್ಳು ಧೈರ್ಯ ತುಂಬುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಟೊರೆಂಟ್ ಬಳಸುವುದೇ ಅಪರಾಧವೆಂದು ಹೆದರುವುದೂ ಬೇಡ. ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ ಉಬುಂಟು ಲಿನಕ್ಸ್ ಅಧಿಕೃತವಾಗಿಯೇ ಟೊರೆಂಟ್‌ನಲ್ಲಿ ಸಿಗುತ್ತದೆ. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಕೃತಿಸ್ವಾಮ್ಯದ ಅವಧಿ ಮುಗಿದ ಹಳೆಯ ಚಿತ್ರಗಳಿಗೂ ಟೊರೆಂಟ್ ಕೊಂಡಿಗಳಿವೆ.