ಡ್ರೈಯರ್ ಬಿಸಿಯಾಗ್ತಿಲ್ವಾ? ಮೊದಲು ಗಾಳಿ ನೋಡಿ

ಷಿಕಾಗೋ ಕಡೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಚಳಿ ಶುರುವಾದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ. "ಡ್ರೈಯರ್ ತಿರುಗ್ತಾ ಇದೆ, ಬಟ್ಟೆ ಮಾತ್ರ ಒಣಗ್ತಿಲ್ಲ. ಯಾರಾದ್ರೂ ಒಳ್ಳೆ ಟೆಕ್ನಿಷಿಯನ್ ಗೊತ್ತಾ?" ಉತ್ತರ ಎರಡೇ ಥರ. ಒಂದು, ಯಾರದ್ದೋ ಫೋನ್ ನಂಬರ್. ಇನ್ನೊಂದು, "ಹಳೇದಾಯ್ತು ಬಿಡಿ, ಥ್ಯಾಂಕ್ಸ್‌ಗಿವಿಂಗ್ ಸೇಲ್‌ನಲ್ಲಿ ಹೊಸದು ತಗೊಳ್ಳಿ." ಹೊರಗೆ ಹೋಗಿ ಡ್ರೈಯರ್ ಪೈಪಿನಿಂದ ಗಾಳಿ ಬರ್ತಿದೆಯಾ ನೋಡಿದ್ರಾ ಅಂತ ಕೇಳುವವರು ಕಡಿಮೆ.

ಗಾಳಿ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಧಾರವಾಡದ ಕಡೆ ಆಷಾಢದಲ್ಲಿ ಮೋಡ ಮುಸುಕಿದ್ದರೂ ಬೀಸೋ ಗಾಳಿಗೆ ಬಟ್ಟೆ ಒಣಗುತ್ತದೆ. ಕ್ಲಿಪ್ ಹಾಕದಿದ್ದರೆ ಪಕ್ಕದ ಮನೆಯಲ್ಲಿ ಹುಡುಕಬೇಕು, ಅಷ್ಟೆ. ಅದೇ ತಿಂಗಳು ತೀರ್ಥಹಳ್ಳಿ ಕಡೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಕೆಳಗೆ ಬೆಂಕಿ ಉರಿಸಿದರೂ ಪಂಚೆ ತಣ್ಣಗೇ ಇರುತ್ತದೆ. ಮೇಲೆ ಹೊಗೆ ವಾಸನೆ ಬೇರೆ. ಬಿಸಿಗೇನೂ ಅಲ್ಲಿ ಕೊರತೆಯಿಲ್ಲ. ನೀರು ತುಂಬಿದ ಗಾಳಿ ಹೊರಗೆ ಹೋಗಲು ಜಾಗವಿಲ್ಲ, ಹೋದರೂ ಹೊರಗಿನದು ಅದಕ್ಕಿಂತ ಒದ್ದೆ. ಗ್ಯಾಸ್ ಡ್ರೈಯರ್ ಕಷ್ಟವೂ ಬಹುಪಾಲು ಇದೇ.

ಈ ಡ್ರೈಯರ್ ಊರಲ್ಲಿ ಬಳಸದವರಿಗೆ ಎರಡು ಮಾತು. ಡ್ರಮ್ ಮತ್ತು ಫ್ಯಾನ್ ತಿರುಗುವುದು 120 ವೋಲ್ಟ್ ಕರೆಂಟಿನಿಂದ. ಬಿಸಿ ಬರುವುದು ಕೆಳಗಿನ ಗ್ಯಾಸ್ ಬರ್ನರ್‌ನಿಂದ. ಹಾಗಾಗಿ ಡ್ರಮ್ ತಿರುಗುತ್ತಿದೆ ಅಂದಮಾತ್ರಕ್ಕೆ ಉರಿ ಹತ್ತಿದೆ ಅಂತಲ್ಲ. ಫ್ಯಾನ್ ಬಿಸಿಗಾಳಿಯನ್ನು ಬಟ್ಟೆಯ ನಡುವೆ ಎಳೆದು, 4 ಇಂಚಿನ ಪೈಪಿನಲ್ಲಿ ಮನೆಯ ಹೊರಗೆ ದಬ್ಬುತ್ತದೆ. ಆ ಪೈಪಿನಲ್ಲಿ ಬಟ್ಟೆಯ ನಾರು, ಇಲ್ಲಿಯವರು ಲಿಂಟ್ ಅನ್ನುತ್ತಾರಲ್ಲ, ಅದು ಕಟ್ಟಿಕೊಂಡರೆ ಗಾಳಿ ನಿಲ್ಲುತ್ತದೆ. ಒಳಗೆ ಬಿಸಿ ಮಿತಿ ಮೀರುತ್ತದೆ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಉರಿ ಆರಿಸುತ್ತದೆ. ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ಮುಟ್ಟಿದರೆ ಯಂತ್ರದ ತಲೆ ಸುಡುತ್ತದೆ, ಒಳಗಿನ ಟವೆಲ್ ಹಸಿ. ಇನ್ನೂ ಜಾಸ್ತಿ ಕಾದರೆ, ಅತಿ ಬಿಸಿಗೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಹೋಗುತ್ತದೆ. ಅದು ಒಂದೇ ಸಲದ್ದು, ಹೊಸದೇ ಹಾಕಬೇಕು. ಪೈಪು ತೆರವು ಮಾಡದೆ ಬರೀ ಫ್ಯೂಸ್ ಬದಲಿಸಿದರೆ ಅದೂ ಹೋಗುತ್ತದೆ.

ಆದ್ದರಿಂದ ಡ್ರೈಯರ್ ಓಡುತ್ತಿರುವಾಗ ಹೊರಗೆ ಹೋಗಿ ಗೋಡೆಯಲ್ಲಿ ಪೈಪು ಹೊರಬರುವ ಕಡೆಯ ಮುಚ್ಚಳ ನೋಡಿ. ಅದು ಪೂರ್ತಿ ಎತ್ತಿಕೊಂಡಿರಬೇಕು, ಕೈಗೆ ಬೆಚ್ಚನೆ ಗಾಳಿ ಜೋರಾಗಿ ತಾಗಬೇಕು. ಅಲ್ಲಿ ಹಕ್ಕಿ ಗೂಡು ಕಟ್ಟಿರುವುದೂ ಉಂಟು. ಆಮೇಲೆ ಲಿಂಟ್ ಜಾಲರಿ. ಕಣ್ಣಿಗೆ ಶುಭ್ರವಾಗಿಯೇ ಕಾಣುತ್ತದೆ. ಅದನ್ನು ನಲ್ಲಿ ಕೆಳಗೆ ಹಿಡಿಯಿರಿ. ನೀರು ಇಳಿಯದೆ ಜಾಲರಿಯ ಮೇಲೆ ನಿಂತಿತಾ? ಹಾಗಾದರೆ ಘಮಘಮ ಅನ್ನಲಿ ಅಂತ ಹಾಕುವ ಡ್ರೈಯರ್ ಶೀಟಿನ ಮೇಣ ಅಲ್ಲಿ ಕೂತಿದೆ. ಸೋಪು, ಹಳೇ ಟೂತ್‌ಬ್ರಷ್ ಸಾಕು. ಹಿಂದುಗಡೆ ಪ್ಲಾಸ್ಟಿಕ್ ಪೈಪ್ ಇದ್ದರೆ ಮಾತ್ರ ಯೋಚನೆ ಮಾಡದೆ ತೆಗೆಸಿ, ಲೋಹದ್ದು ಹಾಕಿಸಿ. ಅಮೆರಿಕದ ಅಗ್ನಿಶಾಮಕ ಇಲಾಖೆಯ 2008ರಿಂದ 2010ರವರೆಗಿನ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಹತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಾರಣ, ಶುಚಿ ಮಾಡದೇ ಇದ್ದದ್ದು.

ಗಾಳಿ ಸರಿಯಾಗಿದೆ, ಆದರೂ ಬಿಸಿಯಿಲ್ಲ ಅನ್ನಿ. ಆಗ ಬರ್ನರ್ ಕಡೆ ಕಣ್ಣು ಹಾಕಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಕೆಳಗಡೆ ಸಣ್ಣ ಬಾಗಿಲೋ ಕಿಂಡಿಯೋ ಇರುತ್ತದೆ. ದೀಪ ಆರಿಸಿ, ನೆಲದ ಮೇಲೆ ಕೂತು ನೋಡಿ. ಸ್ಟಾರ್ಟ್ ಒತ್ತಿದ ಮೇಲೆ ಗ್ಯಾಸ್ ಹೊತ್ತಿಸುವ ಇಗ್ನೈಟರ್ ಕೆಂಪಾಗಿ, ಆಮೇಲೆ ಕಣ್ಣು ಕುಕ್ಕುವಷ್ಟು ಕಿತ್ತಳೆಯಾಗಿ ಹೊಳೆಯುತ್ತದೆ. ಒಂದು ನಿಮಿಷದೊಳಗೆ 'ಟಕ್' ಅಂತ ಸದ್ದು, 'ಭುಸ್' ಅಂತ ನೀಲಿ ಉರಿ. ಇದು ಸರಿ ಇರುವ ಡ್ರೈಯರ್.

ಇಗ್ನೈಟರ್ ಹೊಳೆದು, 'ಟಕ್' ಅಂದು, ಉರಿ ಹತ್ತದೆ ಸುಮ್ನೆ ಆರಿಹೋದರೆ ಅನುಮಾನ ಪಡಬೇಕಾದ್ದು ಡ್ರೈಯರ್ ಒಳಗಿನ ಗ್ಯಾಸ್ ವಾಲ್ವನ್ನು ಕರೆಂಟಿನಿಂದ ತೆರೆಯುವ ಕಾಯಿಲ್‌ಗಳನ್ನು. ಇವುಗಳ ಆಟ ಮಜವಾಗಿದೆ. ತಣ್ಣಗಿದ್ದಾಗ ಕೆಲಸ ಮಾಡುತ್ತವೆ, ಕಾದ ಮೇಲೆ ಕೈಕೊಡುತ್ತವೆ. ಮೊದಲ ಹತ್ತು ನಿಮಿಷ ಬಿಸಿ, ಆಮೇಲೆ ಬರೀ ತಣ್ಣನೆ ಗಾಳಿ. ಟೆಕ್ನಿಷಿಯನ್ ಬರುವಷ್ಟರಲ್ಲಿ ಯಂತ್ರ ತಣ್ಣಗಾಗಿ, ಅವನೆದುರು ಚೆನ್ನಾಗಿ ಉರಿದು ನಿಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಇಗ್ನೈಟರ್ ಹೊಳೆಯುತ್ತಲೇ ಇದ್ದು, ಗ್ಯಾಸೇ ಬರದಿದ್ದರೆ ಪಕ್ಕದಲ್ಲಿ ಬಿಸಿ ಗ್ರಹಿಸುವ ಫ್ಲೇಮ್ ಸೆನ್ಸರ್ ಅಂಟಿಕೊಂಡಿರಬಹುದು. ಹೊಳೆಯುವುದೇ ಇಲ್ಲವಾದರೆ ಇಗ್ನೈಟರ್ ಒಡೆದಿರಬಹುದು, ಸೆನ್ಸರ್ ಅಥವಾ ಫ್ಯೂಸ್ ಹೋಗಿರಬಹುದು. ಅದನ್ನು ಕರೆಂಟ್ ಪರೀಕ್ಷಿಸುವ ಮೀಟರ್ ಹಿಡಿದೇ ಹೇಳಬೇಕು.

ಇಷ್ಟು ನೋಡಿಕೊಂಡು ಟೆಕ್ನಿಷಿಯನ್‌ಗೆ ಫೋನ್ ಮಾಡಿದರೆ ಮಾತೇ ಬೇರೆಯಾಗುತ್ತದೆ. ಊರಲ್ಲಿ ನಮಗೆ ಈ ಅಭ್ಯಾಸ ಬೇಕಾಗಿರಲಿಲ್ಲ. ಬೀದಿ ಕೊನೆಯ ಅಂಗಡಿಯಿಂದ ಮೆಕ್ಯಾನಿಕ್ ಬರ್ತಾನೆ, ಬಿಚ್ಚುತ್ತಾನೆ, ಕಾಫಿ ಕುಡಿಯುತ್ತಾನೆ, ಸಿಗದ ಪಾರ್ಟ್‌ಗೆ ಬದಲಿ ಏನೋ ಹೊಂದಿಸಿ ಓಡಿಸಿ ಹೋಗುತ್ತಾನೆ. ಆ ಕೈಚಳಕ ನಾನು ಇಲ್ಲಿ ಕಂಡಿಲ್ಲ. ಇಲ್ಲಿ ಬಾಗಿಲಿಗೆ ಬಂದದ್ದಕ್ಕೇ ನೂರು ಡಾಲರ್ ಸುತ್ತಮುತ್ತ ತೆರಬೇಕು. ಆದರೆ ಡ್ರೈಯರ್ ಬಾಗಿಲ ಒಳಗಿನ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಯಂತ್ರದ ಒಂದೊಂದು ಸ್ಕ್ರೂನ ಚಿತ್ರವೂ ಸಿಗುತ್ತದೆ, ಪಾರ್ಟ್ ಮನೆಗೇ ಬರುತ್ತದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜ ತನ್ನ ಡ್ರೈಯರ್ ತಾನೇ ಬಿಚ್ಚಿಕೊಂಡು ಕೂರುತ್ತಾನೆ. ಎಂಜಿನಿಯರಿಂಗ್ ಓದಿ ಬಂದ ನಾವು ಟೆಕ್ನಿಷಿಯನ್ ಫೋನ್ ನಂಬರ್ ಹುಡುಕುತ್ತೇವೆ! ಇದರಲ್ಲಿ ಇಲ್ಲಿಯವರ ದಾರಿಯೇ ಮೇಲು ಅಂತ ನನಗನಿಸುತ್ತದೆ.

ಆದರೆ ಗ್ಯಾಸ್ ವಿಷಯದಲ್ಲಿ ಪೌರುಷ ಬೇಡ. ಬಿಚ್ಚುವ ಮೊದಲು ಪ್ಲಗ್ ಕೀಳಬೇಕು, ಡ್ರೈಯರ್‌ಗೆ ಗ್ಯಾಸ್ ಬರುವ ಪೈಪಿನ ವಾಲ್ವ್ ಹಿಡಿಯನ್ನು ಪೈಪಿಗೆ ಅಡ್ಡ ತಿರುಗಿಸಿ ಮುಚ್ಚಬೇಕು. ಕಾಯಿಲ್, ಸೆನ್ಸರ್ ಮೀಟರ್ ಬಲ್ಲವರು ಬದಲಿಸಬಹುದು. ಗ್ಯಾಸ್ ಪೈಪಿನ ಜೋಡಣೆ ಮಾತ್ರ ಲೈಸೆನ್ಸ್ ಇದ್ದವರಿಗೇ ಬಿಡಿ. ಹೊರಪೈಪು ಕಳಚಿ ಡ್ರೈಯರ್ ಓಡಿಸಿ ನೋಡುವುದಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. ಗ್ಯಾಸ್ ವಾಸನೆ ಬಂದರೆ ಊರಿನ ಪಾಠವೇ: ಸ್ವಿಚ್ ಮುಟ್ಟದೆ ಹೊರಗೆ ನಡೆಯಿರಿ, ಫೋನ್ ಹೊರಗಿನಿಂದ ಮಾಡಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಸಿಲಿಂಡರ್ ಗ್ಯಾಸ್ ನೆಲದ ಮಟ್ಟದಲ್ಲಿ ಹರಡುತ್ತದೆ. ಇಲ್ಲಿಯ ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ.

ರಿಪೇರಿ ಆಗುವವರೆಗೆ ಏನು ಮಾಡೋದು ಅಂತ ಕೊರಗಬೇಕಿಲ್ಲ. ಹೊರಗೆ ಹಗ್ಗ ಕಟ್ಟಲು ನಮ್ಮ ಕಾಲೋನಿಯ ನಿಯಮ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾ, ಫ್ಲೋರಿಡಾದಂಥ ಕಡೆ ಹಗ್ಗ ಕಟ್ಟುವವರ ಪರ ಕಾನೂನೇ ಇದೆ. ಆದರೆ ಷಿಕಾಗೋ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆಯುತ್ತದೆ. ರಾತ್ರಿ ಸ್ಟ್ಯಾಂಡ್ ಮೇಲೆ ಹರವಿದ ಪಂಚೆ ಬೆಳಿಗ್ಗೆಗೆ ಗರಿಗರಿ. ತೀರ್ಥಹಳ್ಳಿಯ ಒಲೆಗಾಗದ್ದು ಇಲ್ಲಿ ಒಲೆಯಿಲ್ಲದೇ ಆಗುತ್ತದೆ.

ಇನ್ನು ಮನೆ ಕೊಳ್ಳುವವರಿಗೆ ಒಂದು ಮಾತು. ಬಾಗಿಲು ಪೂರ್ವಕ್ಕಿದೆಯಾ, ದೇವರ ಮನೆ ಎಲ್ಲಿ ಬರುತ್ತೆ ಅಂತ ನಮ್ಮವರು ದಿಕ್ಸೂಚಿ ಹಿಡಿದು ನೋಡುತ್ತಾರೆ. ಡ್ರೈಯರ್ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದಿಲ್ಲ. ಇಲ್ಲಿ ಮನೆ ಕಟ್ಟುವ ಕೋಡ್‌ನಲ್ಲಿ ಅದರ ಉದ್ದಕ್ಕೆ ಸಾಮಾನ್ಯವಾಗಿ 35 ಅಡಿಯ ಮಿತಿಯಿದೆ, ಮಾಮೂಲಿ 90 ಡಿಗ್ರಿ ತಿರುವಿಗೆ ತಲಾ 5 ಅಡಿ ಕಳೆಯಬೇಕು. ಮಹಡಿ ಮೇಲೆ ಲಾಂಡ್ರಿ ಇಟ್ಟು, ಪೈಪನ್ನು ಅಟ್ಟದಲ್ಲೆಲ್ಲ ಸುತ್ತಾಡಿಸಿರುವ ಮನೆಗಳನ್ನು ನೋಡಿದ್ದೇನೆ. ಅಲ್ಲಿ ಎಷ್ಟು ಹೊಸ ಡ್ರೈಯರ್ ತಂದಿಟ್ಟರೂ ಟವೆಲ್ ಹಸಿಯೇ.