ಎಚ್ ಇಂಡೆಕ್ಸ್ ಊಟಕ್ಕೆ ಮುಂಚಿನದೋ, ಆಮೇಲಿನದೋ?

ಮಿದುಳಿನ ಚಿತ್ರ ತೆಗೆದು ಅದರೊಳಗಿನ ವ್ಯಾಪಾರವನ್ನು ಓದುವ ಸಂಶೋಧಕರೊಬ್ಬರಿಗೆ ಈಚೆಗೆ ನಡೆದ ಸನ್ಮಾನಕ್ಕೆ ನಾನೂ ಹೋಗಿದ್ದೆ. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿಗಳೆಲ್ಲ ಕ್ರಮ ತಪ್ಪದೆ ಸಂದ ಮೇಲೆ ನಿರೂಪಕಿಯವರು ಅಭಿನಂದನಾ ಪತ್ರವನ್ನು ಓದಿದರು: ಪ್ರಬಂಧಗಳು 212, ಉಲ್ಲೇಖಗಳು 9,480, ಎಚ್ ಇಂಡೆಕ್ಸ್ 47. ಮೂವತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯೊಂದಿಗೆ ಸಂಸಾರ ಮಾಡುತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ನನ್ನ ಪಕ್ಕದಲ್ಲಿದ್ದರು. ಅವರು ಗಾಬರಿಯಿಂದ, “ನಲವತ್ತೇಳು ಅಂದರೆ ತೀರಾ ಕಡಿಮೆಯಾಯಿತಲ್ಲ ಸ್ವಾಮಿ! ಊಟಕ್ಕೆ ಮುಂಚಿನದೋ, ಆಮೇಲಿನದೋ? ಯಾರಾದರೂ ಅವರ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿ,” ಎಂದರು.

ಇದು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆಯೆಂದೂ, ಕನಿಷ್ಠ 47 ಬಾರಿ ಬೇರೆ ಬರಹಗಳಲ್ಲಿ ಉಲ್ಲೇಖಗೊಂಡ ಪ್ರಬಂಧಗಳು ಇವರ ಬಳಿ 47 ಇವೆಯೆಂದು ಅದರ ಅರ್ಥವೆಂದೂ ನಾನು ವಿವರಿಸಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, “ಇವರು ಕಂಡುಹಿಡಿದದ್ದು ಏನು?” ಎಂದು ಕೇಳಿದರು. ಅಭಿನಂದನಾ ಪತ್ರದಲ್ಲಿ ಆ ವಿವರಕ್ಕೆ ಜಾಗ ಸಾಲದೆ ಬಂದಿದ್ದರಿಂದ ನಾನು ಮಾತು ಬದಲಿಸಿದೆ.

ಈ ಲೆಕ್ಕದ ಔದಾರ್ಯವನ್ನು ಮೆಚ್ಚಲೇಬೇಕು. ಹಳೆಯ ಶಾನುಭೋಗರ ಕಡತದಲ್ಲಿ ಜಮೆ ಬೇರೆ, ಖರ್ಚು ಬೇರೆ ಇರುತ್ತಿದ್ದವು. ಇಲ್ಲಿ ಎಲ್ಲವೂ ಜಮೆಯೇ. “ಇಂಥವರು ತೋರಿಸಿಕೊಟ್ಟಿರುವಂತೆ” ಎಂದು ಬರೆದರೂ ಒಂದು ಉಲ್ಲೇಖ, “ಇಂಥವರು ಮಾಡಿದ ಶುದ್ಧ ತಪ್ಪಿನಂತೆ” ಎಂದು ಬರೆದರೂ ಒಂದು ಉಲ್ಲೇಖ. ಹಾರ ಹಾಕಿದವನನ್ನೂ ಚಪ್ಪಲಿ ಎಸೆದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಲೆ ಎಣಿಸುವ ಇಂಥ ಸಮದರ್ಶಿ ಗುಮಾಸ್ತ ಬೇರೆಲ್ಲೂ ಸಿಗುವುದಿಲ್ಲ.

ಮಿದುಳಿನ ಚಿತ್ರಗಳ ಕ್ಷೇತ್ರದಲ್ಲಿ ಚಪ್ಪಲಿಗೂ ಬರವಿಲ್ಲ. ಈ ಚಿತ್ರಗಳನ್ನು ತೆಗೆಯುವ ಎಫ್‌ಎಂಆರ್‌ಐ ಯಂತ್ರವು ಯೋಚನೆಯನ್ನು ನೇರವಾಗಿ ನೋಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಅಳೆದು, ಮಿದುಳನ್ನು ಸಕ್ಕರೆಯ ಅಚ್ಚಿನಂಥ ಸಾವಿರಾರು ಸಣ್ಣ ಘನಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ವ್ಯತ್ಯಾಸ ಕಂಡಿತೇ ಎಂದು ಪರೀಕ್ಷಿಸುತ್ತದೆ. ಸಾವಿರಕ್ಕೆ ಒಂದು ಸಲ ಮಾತ್ರ ಆಕಸ್ಮಿಕವಾಗಿ ಸಂಭವಿಸುವ ಸಂಗತಿಯೂ ಲಕ್ಷ ಘನಗಳಲ್ಲಿ ಹುಡುಕಿದರೆ ನೂರು ಕಡೆ ಸಿಕ್ಕುತ್ತದೆ. ಇಂಥ ಆಕಸ್ಮಿಕಗಳನ್ನು ಲೆಕ್ಕದಿಂದ ಕಳೆಯುವ ತಿದ್ದುಪಡಿಯನ್ನು ಮಾಡದೆ ಬಣ್ಣ ಬಳಿದರೆ ಎಲ್ಲಿ ಬೇಕಾದರೂ ಪ್ರೇಮ, ಭಕ್ತಿ, ರಾಜಕೀಯ ನಿಷ್ಠೆಗಳು ಹೊಳೆಯುತ್ತವೆ. ಇದನ್ನು ತೋರಿಸಲೆಂದು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಚಿತ್ರಗಳನ್ನು ತೋರಿಸಿ, ಅವರ ಭಾವನೆಯೇನೆಂದು ಅದನ್ನು ವಿಧಿವತ್ತಾಗಿ ಕೇಳಿದರು. ಮೀನಿನ ಮಿದುಳಿನಲ್ಲಿ “ಚಟುವಟಿಕೆ” ಕಾಣಿಸಿತು. 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಕೂಡ ಬಂತು.

ನಗು ಮುಗಿಯುವ ಮೊದಲೇ, 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಹೋದ್ಯೋಗಿಗಳು ಪ್ರಚಲಿತ ತಂತ್ರಾಂಶಗಳನ್ನು ಪರೀಕ್ಷಿಸಿ, ಶೇ 5ನ್ನು ಮೀರಬಾರದ ಹುಸಿ ಫಲಿತಾಂಶದ ಪ್ರಮಾಣವು ಕೆಲವು ವಿಧಾನಗಳಲ್ಲಿ ಶೇ 70ರವರೆಗೂ ಹೋಗಬಹುದೆಂದು ಬರೆದರು. ಸುಮಾರು 40,000 ಅಧ್ಯಯನಗಳು ಪ್ರಶ್ನಾರ್ಹವೆಂದು ಮೊದಲು ಹೇಳಿ, ಅದು ಅತಿಯಾಯಿತೆಂದು ಕಂಡ ಮೇಲೆ ಆ ಸಂಖ್ಯೆಯನ್ನು ತಾವೇ ತಿದ್ದಿದರು. (ಈ ಇಡೀ ವ್ಯವಹಾರದಲ್ಲಿ ತಮಗೆ ಹೆಸರು ತಂದ ಅಂಕಿಯನ್ನು ತಾವಾಗಿ ಕೆಳಗಿಳಿಸಿದವರನ್ನು ನಾನು ಕಂಡದ್ದು ಇಲ್ಲೊಂದೇ ಕಡೆ.) ಪ್ರಶ್ನೆಗೊಳಗಾದ ಹಳೆಯ ಪ್ರಬಂಧಗಳ ಉಲ್ಲೇಖಗಳಲ್ಲಿ ಇದರಿಂದ ಒಂದೂ ಕಡಿಮೆಯಾಗಲಿಲ್ಲ, ಅವುಗಳನ್ನು ಟೀಕಿಸಿದವರೆಲ್ಲ ತಲಾ ಒಂದೊಂದನ್ನು ಸೇರಿಸಿಯೇ ಹೋದರು. 2020ರಲ್ಲಿ 70 ತಂಡಗಳಿಗೆ ಒಂದೇ ಮಾಹಿತಿಯನ್ನು ಕೊಟ್ಟು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದಾಗ, ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ಉತ್ತರ ಹುಡುಕಲಿಲ್ಲ. ಅದೂ ಪ್ರತಿಷ್ಠಿತ ಪತ್ರಿಕೆಯಲ್ಲಿ ಅಚ್ಚಾಗಿ, ಪಟ್ಟಿಯಲ್ಲಿ ಹೆಸರಿದ್ದ ಅಷ್ಟೂ ಲೇಖಕರ ಖಾತೆಗೆ ಜಮೆಯಾಯಿತು.

ಹೀಗಿರುವಾಗ ಬೆಕ್ಕೊಂದು ಸುಮ್ಮನೆ ಕೂರಲು ಸಾಧ್ಯವೇ? 2024ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಸಾಕುಬೆಕ್ಕಿನ ಹೆಸರಿನಲ್ಲಿ ಅರ್ಥವಿಲ್ಲದ ಪ್ರಬಂಧಗಳನ್ನು ಬರೆದು, ಅವನ್ನು ಉಲ್ಲೇಖಿಸುವ ಅಷ್ಟೇ ಅರ್ಥವಿಲ್ಲದ ಬೇರೆ ಪ್ರಬಂಧಗಳನ್ನು ಅಂತರ್ಜಾಲಕ್ಕೆ ಏರಿಸಿ, ಉಲ್ಲೇಖಗಳ ಲೆಕ್ಕವಿಡುವ ಗೂಗಲ್ ಸ್ಕಾಲರ್‌ನಲ್ಲಿ ಅದಕ್ಕೆ 11ರ ಎಚ್ ಇಂಡೆಕ್ಸ್ ಸಂಪಾದಿಸಿಕೊಟ್ಟರು. ಬಡ್ತಿಗೆ ಅರ್ಜಿ ಹಾಕಲು ಲ್ಯಾರಿಗೆ ಇದ್ದ ಏಕೈಕ ಅಡ್ಡಿ ಬಹುಶಃ ಸಹಿಯದು.

ನಮ್ಮ ಸಮಾರಂಭದಲ್ಲಿ ಕೊನೆಗೆ ವಂದನಾರ್ಪಣೆಯೂ ಆಯಿತು. ಊಟದ ಪಂಕ್ತಿಯಲ್ಲಿ ಮೇಷ್ಟ್ರಿಗೆ ಮೀನು, ಬೆಕ್ಕು ಎರಡರ ಕಥೆಯನ್ನೂ ಹೇಳಿದೆ. ಅವರು ಹೋಳಿಗೆಯನ್ನು ಆಸೆಯಿಂದ ನೋಡಿ ಪಕ್ಕಕ್ಕೆ ಸರಿಸುತ್ತಾ, ಬೆಕ್ಕಿಗೆ 11 ಬಂದಿರುವಾಗ ಯಂತ್ರದೊಳಗೆ ಮಲಗಿ ಇಷ್ಟು ದುಡಿದ ಮೀನಿಗೆ ಎಷ್ಟು ಬಂತೆಂದು ವಿಚಾರಿಸಿದರು. ಲೇಖಕರ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲದ ಕಾರಣ, ಊಟಕ್ಕೆ ಮುಂಚೆಯೂ ಸೊನ್ನೆ, ಆಮೇಲೂ ಸೊನ್ನೆ ಎಂದೆ.